ಲ್ಯಾಪ್‌ಟಾಪ್ ಕೊಳ್ಳುವವರೇ, ಡೆಮೊ ಪೀಸಿನ ಪರದೆ ನೋಡಿ ದುಡ್ಡು ಕಟ್ಟಬೇಡಿ

ಲ್ಯಾಮಿಂಗ್ಟನ್ ರೋಡಿಗೆ ಲ್ಯಾಪ್‌ಟಾಪ್ ತರಲು ಹೊರಟಿರುವ ಮುಂಬಯಿ ಕನ್ನಡಿಗರು, ಅದರಲ್ಲೂ ದಿನವಿಡೀ ಅಕ್ಷರ ನೋಡುವ ಕೆಲಸದವರು, ದಯವಿಟ್ಟು ಇದನ್ನು ಓದಿ.

ನನ್ನದು ಕನ್ನಡ ಡಿಟಿಪಿ, ಕರಡು ತಿದ್ದುವ ಕೆಲಸ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮೇಜಿಗೆ ಇರುವುದು ಒಂದೇ ಜಾಗ. ಕೂತರೆ ಪಶ್ಚಿಮದ ಕಿಟಕಿ ಬೆನ್ನಿಗೆ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲೇ ಹೇಳಿದ್ದೆ, ಮ್ಯಾಟ್, ಅಂದರೆ ಹೊಳಪಿಲ್ಲದ ಸ್ಕ್ರೀನೇ ಬೇಕು ಅಂತ. ತೋರಿಸಿದ ಡೆಮೊ ಪೀಸ್ ಮ್ಯಾಟೇ ಆಗಿತ್ತು. ಮನೆಗೆ ಕಳಿಸಿದ ಸೀಲ್ ಬಾಕ್ಸಿನೊಳಗೆ ಇದ್ದದ್ದು ಅದೇ ಹೆಸರಿನ, ಗ್ಲಾಸಿ ಪರದೆಯ, ಅಂದರೆ ಕನ್ನಡಿಯಂತೆ ಹೊಳೆಯುವ ಪರದೆಯ ಲ್ಯಾಪ್‌ಟಾಪ್. ಮಧ್ಯಾಹ್ನ ಕಳೆದರೆ ಕಿಟಕಿಯ ಸರಳು, ಎದುರಿನ ಬಿಲ್ಡಿಂಗು, ನನ್ನದೇ ಮುಖ ಎಲ್ಲವೂ ಪರದೆಯ ಮೇಲೆ. ಅವುಗಳ ಮಧ್ಯೆ ಒತ್ತಕ್ಷರ ಹುಡುಕಬೇಕು. ಸಂಜೆಗೆ ಕಣ್ಣು ಉರಿ, ತಲೆನೋವು.

ಅಂಗಡಿಯವರನ್ನು ಕೇಳಿದರೆ 'ಮಾಡೆಲ್ ಒಂದೇ, ಸೀಲ್ ಒಡೆದಿದೆ, ವಾಪಸ್ ಆಗಲ್ಲ' ಎಂದರು. ಮೇಲೆ ಅಂಟಿಸಲು ಮ್ಯಾಟ್ ಗಾರ್ಡ್ ಕೊಟ್ಟರು, ಅದಕ್ಕೂ ದುಡ್ಡು ತೆಗೆದುಕೊಂಡು. ಅದನ್ನು ಹಾಕಿದ ಮೇಲೆ ಬಿಳಿ ಪುಟದ ತುಂಬ ಸಕ್ಕರೆ ಚೆಲ್ಲಿದ ಹಾಗೆ ಮಿಣುಕು. ಸಣ್ಣ ಅಕ್ಷರ ಇನ್ನೂ ಮಸುಕು.

ಇದು ಹೇಗೆ ಸಾಧ್ಯವೆಂದರೆ, ಒಂದೇ ಸೀರೀಸಿನ ಹೆಸರಿನಲ್ಲಿ ಕಂಪನಿಗಳು ಬೇರೆ ಬೇರೆ ಪ್ಯಾನೆಲ್ ಹಾಕುತ್ತವೆ. ವ್ಯತ್ಯಾಸ ಗೊತ್ತಾಗುವುದು ಮಾಡೆಲ್ ನಂಬರಿನ ಕೊನೆಯ ಅಕ್ಷರ, ಅಂಕಿಗಳಲ್ಲಿ. ನನ್ನ ಬಿಲ್ಲಿನಲ್ಲಿ ಅಂಗಡಿಯವರು ಬರೆದದ್ದು ಸೀರೀಸಿನ ಹೆಸರನ್ನಷ್ಟೇ. ಟಚ್ ಸ್ಕ್ರೀನ್ ಮತ್ತು ಓಎಲ್‌ಇಡಿ ಮಾಡೆಲ್‌ಗಳಲ್ಲಂತೂ ಹೆಚ್ಚಿನವು ಗ್ಲಾಸಿಯೇ. ಸಿನಿಮಾ, ಫೋಟೊ ನೋಡುವವರಿಗೆ ಅದರ ಕಡುಗಪ್ಪು, ಗಾಢ ಬಣ್ಣ ನಿಜವಾಗಿಯೂ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಮ್ಯಾಟ್ ಪರದೆಯ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿದ್ದು ಎದುರಿನ ಬೆಳಕನ್ನು ಚದುರಿಸುತ್ತದೆ. ಬಣ್ಣ ತುಸು ಮಂಕಾದರೂ ಪ್ರತಿಬಿಂಬ ಮೂಡುವುದಿಲ್ಲ. ಓದುವ, ಬರೆಯುವ ಕೆಲಸಕ್ಕೆ ಬೇಕಾದದ್ದು ಅದು.

ಮ್ಯಾಟ್ ಈಗ ಯಾರಿಗೂ ಬೇಡ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. 2008ರಲ್ಲಿ ಮ್ಯಾಕ್‌ಬುಕ್ ಪ್ರೊಗೆ ಗ್ಲಾಸಿ ಗಾಜು ತಂದ ಆಪಲ್, 2009ರಲ್ಲಿ 50 ಡಾಲರ್ ಹೆಚ್ಚಿಗೆ ಕೊಟ್ಟವರಿಗೆ ಮ್ಯಾಟ್ ಆಯ್ಕೆ ಕೊಟ್ಟಿತು. ಆಮೇಲೆ ಕೈಬಿಟ್ಟದ್ದನ್ನು 2024ರಲ್ಲಿ ನ್ಯಾನೊ ಟೆಕ್ಸ್‌ಚರ್ ಎಂಬ ಹೆಸರಿನಲ್ಲಿ, 150 ಡಾಲರಿಗೆ ಮತ್ತೆ ತಂದಿತು. ಹೆಚ್ಚಿಗೆ ದುಡ್ಡು ಕೊಟ್ಟಾದರೂ ಕೇಳುವ ಜನ ಇದ್ದಾರೆ.

ಬಾಕ್ಸನ್ನು ಅಂಗಡಿಯಲ್ಲೇ, ಅವರ ಎದುರಿಗೇ ಒಡೆಸಿ. ಆನ್ ಮಾಡುವ ಮೊದಲು ಕಪ್ಪು ಪರದೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ: ಲೈಟಿನ ಅಂಚು ಗೆರೆ ಎಳೆದಂತೆ ಕಂಡರೆ ಗ್ಲಾಸಿ, ಮಂಜಾಗಿ ಹರಡಿಕೊಂಡರೆ ಮ್ಯಾಟ್. ಸ್ಪೆಸಿಫಿಕೇಶನ್‌ನಲ್ಲಿ 'ಆ್ಯಂಟಿ ಗ್ಲೇರ್' ಎಂದಿರಬೇಕು. 'ಆ್ಯಂಟಿ ರಿಫ್ಲೆಕ್ಷನ್' ಬೇರೆ. ಆ ಲೇಪನ ಗ್ಲಾಸಿ ಪರದೆಗೂ ಇರುತ್ತದೆ. ಪೂರ್ತಿ ಮಾಡೆಲ್ ನಂಬರ್ ಮತ್ತು 'ಆ್ಯಂಟಿ ಗ್ಲೇರ್' ಎಂಬ ಮಾತು ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ, ಆ ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನನ್ನ ದೂರು ಠಾಣೆ (ಥಾಣೆ) ಜಿಲ್ಲೆಯ ಆಯೋಗಕ್ಕೆ ಹೋಗಲಿದೆ.