ಸ್ಲೋ ಕುಕ್ಕರ್‌ನಲ್ಲಿ ಕೋರಿ ಗಸಿ: ಎದೆಮಾಂಸದ ಪರೀಕ್ಷೆ
ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡ ಈ ಸ್ಲೋ ಕುಕ್ಕರ್ (ಕರೆಂಟಿನ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ), ಮೂಳೆಯಿಲ್ಲದ ಕೋಳಿಯ ಎದೆಮಾಂಸವನ್ನು ಮೃದುವಾಗಿ ಬೇಯಿಸುವುದರಲ್ಲಿ ಪ್ರೆಶರ್ ಕುಕ್ಕರಿಗಿಂತ ನಿಸ್ಸಂದೇಹವಾಗಿ ಮೇಲು. ಎದೆಭಾಗದಲ್ಲಿ ಕೊಬ್ಬು ಕಡಿಮೆ. ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತಿನ್ನಲು ಸುರಕ್ಷಿತ, ಅದನ್ನು ಬಹಳ ಮೀರಿದರೆ ರಸವೆಲ್ಲ ಹೊರಬಂದು ಮಾಂಸ ನಾರುನಾರಾಗುತ್ತದೆ. ಆದ್ದರಿಂದ ಕಾಲಿನ ಮಾಂಸಕ್ಕೆ ಹೊಂದುವ ಆರೇಳು ಗಂಟೆಗಳ ಅವಧಿ ಇದಕ್ಕೆ ಸಲ್ಲದು; ಮುಚ್ಚಳವನ್ನು ನಡುನಡುವೆ ತೆಗೆಯದಿದ್ದರೆ ಕಡಿಮೆ ಉರಿಯ ಗುರುತಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಸಾಕಾಗುತ್ತದೆ.

ಈ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುವುದು ಅತ್ಯಲ್ಪವಾದ್ದರಿಂದ, ಕೋರಿ ಗಸಿಗೆ, ಅಂದರೆ ತುಳುನಾಡಿನ ಕೋಳಿ ಸಾರಿಗೆ, ಬ್ಯಾಡಗಿ ಮೆಣಸು, ಕೊತ್ತಂಬರಿ ಮತ್ತು ಹುರಿದ ತೆಂಗಿನತುರಿಯ ಮಸಾಲೆಯನ್ನು ಗಟ್ಟಿಯಾಗಿ ಅರೆದು, ಬಾಣಲೆಯಲ್ಲಿ ಹಸಿವಾಸನೆ ಹೋಗುವವರೆಗೆ ಬಾಡಿಸಿಯೇ ಹಾಕಬೇಕು; ತೆಂಗಿನ ಹಾಲನ್ನು ಕೊನೆಯ ಕಾಲುಗಂಟೆಯವರೆಗೆ ತಡೆದಿಡದೆ ಮೊದಲೇ ಸುರಿದರೆ ಅದು ಒಡೆಯುತ್ತದೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕುವುದಂತೂ ಅಪಾಯಕರ, ಏಕೆಂದರೆ ಅದು ಬ್ಯಾಕ್ಟೀರಿಯಾ ಬೆಳೆಯುವ ಉಷ್ಣತೆಯಲ್ಲಿಯೇ ಬಹಳ ಹೊತ್ತು ಉಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಅಡುಗೆಯ ನಡುವೆ ಕರೆಂಟು ಹೋದರೆ, ಎಲ್ಲವನ್ನೂ ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಮುಗಿಸುವುದೇ ಲೇಸು.

ಗರಿಗರಿಯಾದ ರೊಟ್ಟಿಯ ಮೇಲೆ ಈ ಗಸಿ ಚೆನ್ನಾಗಿಯೇ ಇದೆ, ಆದರೂ ಮೂಳೆಯ ಸಾರವಿಲ್ಲದ ಕೊರತೆ ನಾಲಗೆಗೆ ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಉಪಕರಣದ ಬೆಲೆ ತೀರುವುದು ಗಡುಸಾದ ಊರಕೋಳಿಯಲ್ಲಿ.