ಮೈಗೆ ಹಚ್ಚುವ ಎಲೆ ಎಣ್ಣೆ: ಹಸಿ ಎಲೆಯೋ, ಒಣ ಎಲೆಯೋ?

ತುಳಸಿ, ಬೇವು, ಕ್ಯಾಲೆಂಡುಲಾ ಹೂವು, ಯಾವುದೇ ಇರಲಿ, ಎಣ್ಣೆಗೆ ಹಾಕುವ ಮೊದಲು ಒಣಗಿಸಿ. ಹಸಿ ಎಲೆ ಬಿಸಿಲಿಗಿಟ್ಟು, ಹಸಿ ಎಲೆ ಕಾಯಿಸಿ, ಒಣ ಎಲೆ ಕಾಯಿಸಿ, ಮೂರು ರೀತಿಯಲ್ಲೂ ಮಾಡಿ ನೋಡಿದ ಮೇಲೆ ನಾನು ಈಗ ಮಾಡುವುದು ಒಂದನ್ನೇ: ಒಣ ಎಲೆ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಕಾಯಿಸಿದ ಎಣ್ಣೆ.

ಹಸಿ ಎಲೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಡುವುದು ನೋಡಲು ಎಲ್ಲಕ್ಕಿಂತ ಸುಲಭ, ಕೆಡುವುದೂ ಅದೇ ಮೊದಲು. ತುಳಸಿಯಂಥ ಮೆತ್ತನೆಯ ಎಲೆಯ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರು. ಆ ನೀರು ಎಣ್ಣೆಯಲ್ಲಿ ಬೆರೆಯದೆ ಹನಿಹನಿಯಾಗಿ ತಳಕ್ಕಿಳಿಯುತ್ತದೆ. ಎಣ್ಣೆ ಮಬ್ಬಾಗುತ್ತದೆ, ಸಣ್ಣ ಗುಳ್ಳೆ ಏಳುತ್ತದೆ, ಹುಳಿ ವಾಸನೆ ಬರುತ್ತದೆ. ಮೇಲೆ ತೇಲಿದ ಎಲೆಗೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟನ್ನು ಎತ್ತಿ ಎಸೆದು ಉಳಿದದ್ದನ್ನು ಬಳಸಬೇಡಿ, ಪೂರ್ತಿ ಚೆಲ್ಲಿ.

ಹಸಿ ಎಲೆಯನ್ನು ನೇರ ಉರಿಯಲ್ಲಿ ಕಾಯಿಸುವುದು ಅದಕ್ಕಿಂತ ಎಷ್ಟೋ ಮೇಲು. ಚಟಪಟ ಸದ್ದು ನಿಂತಿತೆಂದರೆ ನೀರು ಹೋಯಿತು ಎಂದರ್ಥ. ಆದರೆ ಸದ್ದು ನಿಲ್ಲುವುದಕ್ಕೂ ಎಲೆ ಕರಕಲಾಗುವುದಕ್ಕೂ ನಡುವೆ ಹೆಚ್ಚು ಹೊತ್ತಿಲ್ಲ. ಒಲೆಯ ಮುಂದಿನಿಂದ ಕದಲುವಂತಿಲ್ಲ.

ಒಣ ಎಲೆಗೆ ನನ್ನ ಅಳತೆ 200 ಮಿಲಿ ಎಣ್ಣೆಗೆ 20 ಗ್ರಾಂ. ಎಣ್ಣೆಯ ಪಾತ್ರೆಯನ್ನು ನೀರಿನ ಪಾತ್ರೆಯೊಳಗಿಟ್ಟು, ನೀರು ಕುದಿಯದಷ್ಟು ಸಣ್ಣ ಉರಿಯಲ್ಲಿ 2ರಿಂದ 3 ಗಂಟೆ. ಎಣ್ಣೆ 60 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು.

ಈ ವಿಧಾನದಲ್ಲೂ ಕಾಡುವುದು ನೀರೇ, ಅದೂ ಕಣ್ಣಿಗೆ ಬೀಳದ ನೀರು. ಎಲೆಯನ್ನು ನೆರಳಿನಲ್ಲಿ ಒಂದೇ ಪದರವಾಗಿ ಹರಡಿ, ಹವೆ ನೋಡಿಕೊಂಡು 4ರಿಂದ 7 ದಿನ ಒಣಗಿಸಬೇಕು. ಹಿಡಿದರೆ ಪುಡಿಯಾಗಬೇಕು, ಬಾಗಿದರೆ ಇನ್ನೂ ಆಗಿಲ್ಲ. ಮೋಸ ಮಾಡುವುದು ಕ್ಯಾಲೆಂಡುಲಾ: ದಳ ಗರಿಗರಿಯಾಗಿರುತ್ತದೆ, ಹೂವಿನ ಹಸಿರು ಬುಡದಲ್ಲಿ ತೇವ ಉಳಿದಿರುತ್ತದೆ. (ಇದು ಮಾಲೆಗೆ ಕಟ್ಟುವ ಚೆಂಡುಹೂವಲ್ಲ, ಆ ಗಿಡವೇ ಬೇರೆ.) ಅನುಮಾನವಿದ್ದರೆ ಒಣಗಿದ್ದನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಮತ್ತೆ ಒಣಗಲು ಹಾಕಿ.

ಕಾಯಿಸುವಾಗ ಎಣ್ಣೆಯ ಪಾತ್ರೆಗೆ ತಟ್ಟೆ ಮುಚ್ಚಬೇಡಿ. ತಟ್ಟೆಯಡಿ ಹಬೆ ನೀರಾಗಿ ಎಣ್ಣೆಗೇ ತೊಟ್ಟಿಕ್ಕುತ್ತದೆ. ತೆಳು ಬಟ್ಟೆ ಸಾಕು. ತೊಳೆದ ಬಾಟಲಿ ಒಣಗಿದಂತೆ ಕಂಡರೂ ಮುಚ್ಚಳದ ಒಳಪದರದಲ್ಲಿ ನೀರು ಕುಳಿತಿರುತ್ತದೆ, ಅದನ್ನು ಬಿಡಿಸಿ ಒರೆಸಿ. ಸೋಸಿದ ಎಣ್ಣೆಯನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತಳದ ಗಸಿಗೆ ಆಸೆಪಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಎಣ್ಣೆ ಯಾವುದು? ಎಳ್ಳೆಣ್ಣೆ ಬೇಗ ಕಮಟುವುದಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಅಷ್ಟೇ ತೊಂದರೆ. ವಿಟಮಿನ್ ಇ ಹಾಕಿದರೆ ಕಮಟುವುದು ತಡವಾಗುತ್ತದೆಯೇ ಹೊರತು ಬೂಷ್ಟು ನಿಲ್ಲುವುದಿಲ್ಲ.

ಇದೇ ಎಣ್ಣೆ 100 ಮಿಲಿಗೆ 20 ಗ್ರಾಂ ಜೇನುಮೇಣ ಕರಗಿಸಿದರೆ ಒಡೆದ ಹಿಮ್ಮಡಿಗೆ ಮುಲಾಮು ಸಿದ್ಧ.

ಲೋಳೆಸರವನ್ನು ಈ ಸಾಲಿಗೆ ಸೇರಿಸುವುದಿಲ್ಲ, ಅದರ ಲೋಳೆ ಬಹುಪಾಲು ನೀರೇ. ಬಿಸಿಲಿಗೆ ಉರಿಯುವ ಚರ್ಮಕ್ಕೆ ಆಗಷ್ಟೇ ಕೊಯ್ದು ಹಚ್ಚಲು ಅದನ್ನು ಮೀರಿದ್ದಿಲ್ಲ. ಕೊಯ್ದ ತುದಿ ಕೆಳಗಾಗಿ 15 ನಿಮಿಷ ನಿಲ್ಲಿಸಿ, ಹಳದಿ ರಸ ಪೂರ್ತಿ ಇಳಿಯಲಿ. ತುರಿಕೆ ತರುವುದು ಆ ರಸ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ವಾರದೊಳಗೆ ಮುಗಿಯಬೇಕು.

ಬೆಂಕಿಯಿಂದಾದ ಹೊಸ ಸುಟ್ಟಗಾಯಕ್ಕೆ ಎಣ್ಣೆಯೂ ಬೇಡ, ಮುಲಾಮೂ ಬೇಡ. 20 ನಿಮಿಷ ಹರಿಯುವ ತಣ್ಣೀರು ಬಿಡಿ. ಯಾವ ಎಣ್ಣೆಯನ್ನಾದರೂ ಮೊದಲು ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಸೇವಂತಿಗೆ ಆಗದವರಿಗೆ ಕ್ಯಾಲೆಂಡುಲಾ ಕೂಡ ಆಗದಿರಬಹುದು, ಎರಡೂ ಒಂದೇ ಕುಟುಂಬದವು.

ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಹಚ್ಚುವ ನನ್ನ ಅಭ್ಯಾಸಕ್ಕೆ ಒಣ ಎಲೆಯ ಎಣ್ಣೆಯೇ ಸರಿ. ಖರ್ಚಿನ ಲೆಕ್ಕದಲ್ಲೂ ಅದೇ ಗೆಲ್ಲುತ್ತದೆ: ಎಲೆ ಹಿತ್ತಲಲ್ಲಿ ಮತ್ತೆ ಚಿಗುರುತ್ತದೆ, ಕೆಟ್ಟುಹೋದ ಎಣ್ಣೆಗೆ ಬದಲಿಯನ್ನು ಮಾತ್ರ ದುಡ್ಡು ಕೊಟ್ಟೇ ತರಬೇಕು. ಇವತ್ತೇ ಬೇಕು, ನಾಲ್ಕು ದಿನ ಕಾಯಲಾರೆ ಅನ್ನುವವರು ಹಸಿ ಎಲೆಯನ್ನೇ ಕಾಯಿಸಲಿ. ಒಲೆಯ ಮುಂದೆಯೇ ನಿಂತು, 50 ಮಿಲಿಗಿಂತ ಹೆಚ್ಚು ಮಾಡದೆ.