ವಿಂಡೋಸ್‌ನಲ್ಲಿದ್ದು ಲಿನಕ್ಸ್‌ನಲ್ಲಿಲ್ಲದ್ದು: ಚಿಕ್ಕಮಗಳೂರಿನ ಡಿಟಿಪಿ ಮಳಿಗೆಯೊಂದರ ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಚಿಕ್ಕಮಗಳೂರಿನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಈ ಅರ್ಹತೆಗೆ ಹೊರಗಾಗಿವೆ. ನಮ್ಮ ಮಳಿಗೆಯ ಅಂಥದೊಂದು ಯಂತ್ರಕ್ಕೆ, ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ಒಂದು ರೂಪವಾದ ಉಬುಂಟು 24.04 ಹಾಕಿ, ಪಕ್ಕದ ಮೇಜಿನಲ್ಲಿ ವಿಂಡೋಸ್ 11ರ ಯಂತ್ರವನ್ನಿಟ್ಟುಕೊಂಡು, ಬಂದ ಕೆಲಸವನ್ನೆಲ್ಲ ಎರಡರಲ್ಲಿಯೂ ಮಾಡಿ ನೋಡಿದೆವು. ಕಾಫಿ ತೋಟಗಳ ಚೆಕ್‌ರೋಲ್ (ಆಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿ) ಮತ್ತು ಲೆಕ್ಕಪತ್ರ, ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಇವಿಷ್ಟು ನಮ್ಮಲ್ಲಿಗೆ ಬರುವ ಕೆಲಸ. ಆದ್ದರಿಂದ ಈ ಹೋಲಿಕೆ ಇಂಥ ಕೆಲಸದವರಿಗೆ ಮಾತ್ರ ಅನ್ವಯಿಸುತ್ತದೆ.

ಲಿನಕ್ಸ್ ಎಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯದು. ನುಡಿಯಾಗಲಿ ಬರಹವಾಗಲಿ ವಿಂಡೋಸ್‌ಗೆಂದೇ ರೂಪುಗೊಂಡ ತಂತ್ರಾಂಶಗಳಾದ್ದರಿಂದ, ಅವಿಲ್ಲದ ಕಡೆ ಕನ್ನಡ ಟೈಪಿಂಗ್ ಸಾಧ್ಯವೇ ಇಲ್ಲವೆಂದು ನಂಬಿದವರು ಬಹಳ ಮಂದಿ ಇದ್ದಾರೆ. ವಾಸ್ತವದಲ್ಲಿ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಬೇಕಾಗಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಮತ್ತು ಅದು ಉಬುಂಟುವಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಒತ್ತಿದರೆ ಪರದೆಯ ಮೇಲೆ ‘ಕನ್ನಡ’ ಎಂದು ಮೂಡುತ್ತದೆ. ಒತ್ತಕ್ಷರಕ್ಕೆ ಎಫ್, ಡಕಾರಕ್ಕೆ ಡಬ್ಲ್ಯೂ ಎಂಬ ಅಭ್ಯಾಸದಲ್ಲಿ ಏನೂ ಬದಲಾಗುವುದಿಲ್ಲ. ಸ್ವರವೋ ಗುಣಿತವೋ ಎಂಬುದನ್ನು ಸಂದರ್ಭ ನೋಡಿ ತಾನೇ ನಿರ್ಧರಿಸುವ ಐಬಸ್ ಎಂ17ಎನ್ ಎಂಬ ಟೈಪಿಂಗ್ ವ್ಯವಸ್ಥೆಯ ಆವೃತ್ತಿಯನ್ನೇ ಹಾಕಿಕೊಳ್ಳಬೇಕೆಂಬುದಷ್ಟೇ ಇಲ್ಲಿ ಗಮನಿಸಬೇಕಾದ ಸಂಗತಿ. ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್ 2017ರ 5.3ನೇ ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲಿಯೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಯಂತ್ರವನ್ನು ಬಳಸುತ್ತಿದೆ. ಅದರಲ್ಲಿ ಒಂದೇ ಫಾಂಟಿನಿಂದ ಸಿದ್ಧಪಡಿಸಿದ ಕರಾರುಪತ್ರವನ್ನು ಎರಡೂ ಯಂತ್ರಗಳಲ್ಲಿ ತೆರೆದಾಗ ಅರ್ಕಾವತ್ತಾಗಲಿ ಒತ್ತಕ್ಷರವಾಗಲಿ ಎಲ್ಲಿಯೂ ಜರುಗಲಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಅಕ್ಷರಸಂಕೇತದಲ್ಲಿ ಹೊಸದಾಗಿ ಬರೆಯುವ ಮಟ್ಟಿಗೆ ಎರಡೂ ಸಮಸಮ.

ತೊಡಕಿರುವುದು ಹಳೆಯ ಫೈಲುಗಳಲ್ಲಿ, ಮತ್ತು ನಮ್ಮಂಥ ಮಳಿಗೆಗೆ ಬರುವ ಕೆಲಸದಲ್ಲಿ ಹಳೆಯ ಫೈಲುಗಳ ಪಾಲು ದೊಡ್ಡದು. ತೋಟದ ರೈಟರ್ (ಗುಮಾಸ್ತ) ಪೆನ್‌ಡ್ರೈವ್‌ನಲ್ಲಿ ತರುವ ಹತ್ತು ವರ್ಷ ಹಿಂದಿನ ಕರಾರಿನಲ್ಲಿ ಇರುವುದು ನಿಜವಾಗಿ ಕನ್ನಡದ ಅಕ್ಷರಗಳಲ್ಲ; ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಆಸ್ಕಿ ಫಾಂಟಿನ ಬಲದಿಂದ ಅದು ಕನ್ನಡವಾಗಿ ಕಾಣುತ್ತದೆ. ಆ ಫಾಂಟನ್ನು ಉಬುಂಟುವಿನಲ್ಲಿಯೂ ಹಾಕಿಕೊಂಡರೆ ಫೈಲು ಸರಿಯಾಗಿಯೇ ಕಾಣುತ್ತದೆ, ಮುದ್ರಣವೂ ಆಗುತ್ತದೆ. ಆದರೆ ಅದರಲ್ಲಿ ಒಂದು ಹೆಸರನ್ನು ತಿದ್ದಲು ಹೊರಟರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಕೀಲಿ ಒತ್ತಿದಾಗ ಆ ಆಸ್ಕಿ ಸಂಕೇತಗಳನ್ನು ಹೊರಡಿಸುವ ನುಡಿ ಅಲ್ಲಿಲ್ಲ. ಲಿನಕ್ಸ್ ಮೇಲೆ ವಿಂಡೋಸ್ ತಂತ್ರಾಂಶಗಳನ್ನು ನಡೆಸುವ, 1993ರಿಂದ ಬೆಳೆಯುತ್ತ ಬಂದ ವೈನ್ ಯೋಜನೆಯೂ ಇದಕ್ಕೆ ಪರಿಹಾರವಾಗದು. ನುಡಿಯಂಥ ತಂತ್ರಾಂಶ ಮಾಡುವುದು ವಿಂಡೋಸ್‌ನ ಕೀಲಿ ಸಂದೇಶಗಳನ್ನು ನಡುವೆ ತಡೆದು ಬದಲಿಸುವ ಕೆಲಸ. ವೈನ್ ಒಳಗೆ ಕುಳಿತಾಗ ಅದರ ಕೈ ಹೊರಗಿನ ಲಿಬ್ರೆ ಆಫೀಸ್‌ವರೆಗೆ ಚಾಚುವುದಿಲ್ಲ.

ಪೇಜ್‌ಮೇಕರ್‌ನ ಕಥೆಯೂ ಇದಕ್ಕೆ ಹತ್ತಿರದ್ದೇ. 1985ರಲ್ಲಿ ಆಲ್ಡಸ್ ಹೊರತಂದು, ಮುಂದೆ ಅಡೋಬಿಗೆ ಸೇರಿದ ಈ ತಂತ್ರಾಂಶದ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದರಲ್ಲಿ ಮೂಡುವುದೇ ಇಲ್ಲ. ಆದರೂ ಆಸ್ಕಿ ಫಾಂಟಿನ ಜೊತೆ ಅದರಲ್ಲಿ ಪುಟ ಕಟ್ಟುವ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇವೆ, ಮತ್ತು ಅವರ ವೇಗವನ್ನು ಹಗುರವಾಗಿ ಕಾಣಬಾರದು. ಲಿನಕ್ಸ್‌ಗೆ ಪೇಜ್‌ಮೇಕರ್ ಎಂದೂ ಬರಲಿಲ್ಲ. ಲಿಬ್ರೆ ಆಫೀಸ್‌ನ ಡ್ರಾ ಅದರ ಫೈಲನ್ನು ತೆರೆಯಬಲ್ಲದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ, 4.4ನೇ ಆವೃತ್ತಿಯಿಂದಲೇ ಆ ಸೌಲಭ್ಯವಿದೆ. ನಾವು ತೆರೆದು ನೋಡಿದ ಸ್ಮರಣ ಸಂಚಿಕೆಯಲ್ಲಿ ಪುಟದ ಚೌಕಟ್ಟುಗಳೂ ಪಠ್ಯವೂ ಉಳಿದು ಬಂದವು, ಸಾಲುಗಳ ಅಂತರ ಮಾತ್ರ ಕೆಟ್ಟಿತು. ಒಳಗಿನ ಪಠ್ಯವನ್ನು ಹೊರತೆಗೆದುಕೊಳ್ಳಲು ಇದು ಸಾಕು, ಹಾಗೆಯೇ ಮತ್ತೆ ಅಚ್ಚು ಹಾಕಿಸಲು ಸಾಲದು.

ಹೊಸ ಪುಸ್ತಕವನ್ನು ಕಟ್ಟುವುದಾದರೆ ನನ್ನ ಆಯ್ಕೆ ಸಂದೇಹವಿಲ್ಲದೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶ. ಬಹುಕಾಲ ಇದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಹೊಸ ಪಠ್ಯಯಂತ್ರವನ್ನು ಅಳವಡಿಸಿದ ಮೇಲೆ ಆ ದೋಷ ಹೋಗಿ, 2024ರ ಆರಂಭದಲ್ಲಿ ಬಂದ 1.6ನೇ ಸ್ಥಿರ ಆವೃತ್ತಿಯಲ್ಲಿ ಕನ್ನಡ ನೆಮ್ಮದಿಯಾಗಿ ಕೂರುತ್ತದೆ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಗಳ) ಬಣ್ಣಗಳನ್ನೂ ಅದು ನೇರವಾಗಿ ನಿಭಾಯಿಸುತ್ತದೆ. ಸ್ಕ್ರೈಬಸ್ ವಿಂಡೋಸ್‌ಗೂ ಸಿಗುವುದರಿಂದ ಇಲ್ಲಿ ಎರಡು ವ್ಯವಸ್ಥೆಗಳ ನಡುವೆ ಭೇದವೇನೂ ಇಲ್ಲ.

ಲಗ್ನಪತ್ರಿಕೆಯ ವಿಷಯದಲ್ಲಿ ವಿಂಡೋಸ್ ಸ್ಪಷ್ಟವಾಗಿ ಮುಂದಿದೆ. ಚಿತ್ರ ಬಿಡಿಸುವ ತಂತ್ರಾಂಶವಾದ ಕೋರೆಲ್‌ಡ್ರಾ 2000ನೇ ಇಸವಿಯಲ್ಲಿ ಒಮ್ಮೆ ಲಿನಕ್ಸ್‌ಗೂ ಬಂದಿತ್ತು, ಆದರೆ ಆ ಪ್ರಯತ್ನ ಮುಂದುವರಿಯಲಿಲ್ಲ. ಈಗ ಅಲ್ಲಿರುವುದು ಇಂಕ್‌ಸ್ಕೇಪ್. ಗಣಪತಿಯ ರೇಖಾಚಿತ್ರ, ಬಾಳೆಕಂಬದ ಅಂಚು, ವಧೂವರರ ಹೆಸರಿನ ಬಾಗಿದ ಅಕ್ಷರ ಎಲ್ಲವನ್ನೂ ಅದರಲ್ಲಿ ಅಚ್ಚುಕಟ್ಟಾಗಿ ಬಿಡಿಸಬಹುದು. ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟಿಂಗ್‌ಗೆ ಹೋಗುವ ಪತ್ರಿಕೆಯಾದರೆ ಯಾವ ಕೊರತೆಯೂ ಕಾಣದು. ಬಹುವರ್ಣದ ಆಫ್‌ಸೆಟ್‌ಗೆ ಹೋಗಬೇಕಾದಾಗ, ಇಂಕ್‌ಸ್ಕೇಪ್ ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲಿ ಕೆಲಸ ಮಾಡುವುದರಿಂದ, ಚಿತ್ರವನ್ನು ಸ್ಕ್ರೈಬಸ್‌ಗೆ ಒಯ್ದು ಬಣ್ಣ ಪರಿವರ್ತಿಸಬೇಕು. ಅರಿಶಿನದ ಹಳದಿ ಮಂಕಾಗುವುದು ಈ ಹಂತದಲ್ಲಿಯೇ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರೆಸ್‌ನವರು ಕೇಳುವುದು ಕೋರೆಲ್ ಫೈಲನ್ನು. ಕೊನೆಯ ಗಳಿಗೆಯಲ್ಲಿ ಮುಹೂರ್ತದ ಗಂಟೆ ಬದಲಾದರೆ ಅವರೇ ಅಲ್ಲಿ ಕುಳಿತು ತಿದ್ದಿಬಿಡುತ್ತಾರೆ. ನಾವು ಪಿಡಿಎಫ್ ಕೊಟ್ಟರೆ ಆ ಅನುಕೂಲ ಅವರಿಗೂ ಇಲ್ಲ, ಗಿರಾಕಿಗೂ ಇಲ್ಲ.

ಲೆಕ್ಕಪತ್ರದಲ್ಲಿ ಟ್ಯಾಲಿಗೆ ಲಿನಕ್ಸ್ ಆವೃತ್ತಿಯಿಲ್ಲ. 1998ರಿಂದ ಇರುವ ಗ್ನೂಕ್ಯಾಶ್ ಜಮಾಖರ್ಚಿಗೆ ಒಳ್ಳೆಯ ತಂತ್ರಾಂಶವೇ ಹೌದು, ಆದರೆ ನಮ್ಮ ಜಿಎಸ್‌ಟಿ ರಿಟರ್ನ್‌ಗಳನ್ನು ಅದು ತಾನಾಗಿ ತಯಾರಿಸಿ ಕೊಡುವುದಿಲ್ಲ, ಮತ್ತು ತೋಟದ ಆಡಿಟರ್ ಕೇಳುವುದು ಟ್ಯಾಲಿಯ ಡೇಟಾವನ್ನೇ. ಜಿಎಸ್‌ಟಿಯ ಆಫ್‌ಲೈನ್ ಸಾಧನವೂ ವಿಂಡೋಸ್ ಮತ್ತು ಎಕ್ಸೆಲ್ ಇವೆಯೆಂಬ ಭರವಸೆಯ ಮೇಲೆ ರಚಿತವಾದದ್ದು. ಉಬುಂಟು ಯಂತ್ರದಿಂದ ರೆಮಿನಾ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಪ್ರೊ ಇರುವ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೇರಿ ಟ್ಯಾಲಿಯನ್ನು ನಡೆಸಿ ನೋಡಿದೆ. ಒಂದೇ ಕೋಣೆಯ ಜಾಲದಲ್ಲಿ ಅದು ಚುರುಕಾಗಿಯೇ ಸಾಗುತ್ತದೆ. ಆದರೆ ಅದಕ್ಕೆ ಪಕ್ಕದ ಯಂತ್ರದಲ್ಲಿ ವಿಂಡೋಸ್ ಇರಲೇಬೇಕಾದ್ದರಿಂದ ಇದನ್ನು ಲಿನಕ್ಸ್‌ನ ಗೆಲುವೆಂದು ಲೆಕ್ಕ ಹಿಡಿಯಲಾಗದು. ಚೆಕ್‌ರೋಲ್ ಬೇರೆ ಮಾತು. ಹಣ್ಣು ಕೊಯ್ಲಿನ ದಿನಗಳಲ್ಲಿ ಆಳಿನ ಹಾಜರಿ ಒಂದು ಕಡೆ, ಕೊಯ್ದ ಕೆ.ಜಿ. ಲೆಕ್ಕ ಇನ್ನೊಂದು ಕಡೆ, ಮುಂಗಡ ಕಳೆದು ವಾರದ ಬಟವಾಡೆ ಮತ್ತೊಂದು ಕಡೆ ಇರುವ ಎಕ್ಸೆಲ್ ಹಾಳೆಯನ್ನು ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಸರಿಯಾಗಿ ತೆರೆದು, ಮೊತ್ತಗಳನ್ನೂ ತಾಳೆಯಾಗಿಸಿತು. ಕೂಲಿಚೀಟಿ ತೆಗೆಯುವ ಮ್ಯಾಕ್ರೋ ಗುಂಡಿಯೊಂದೇ ಕೆಲಸ ಮಾಡಲಿಲ್ಲ. ಅದರ ಬದಲು ಸಾಮಾನ್ಯ ಸೂತ್ರಗಳನ್ನು ಬರೆದ ಮೇಲೆ ಆ ಹಾಳೆ ಈಗ ಎರಡೂ ಕಡೆ ನಡೆಯುತ್ತದೆ.

ಡಿಜಿಟಲ್ ಸಹಿಯ ಟೋಕನ್ ಮತ್ತು ಹಳೆಯ ಲೇಸರ್ ಪ್ರಿಂಟರ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೆಲವಕ್ಕೆ ಲಿನಕ್ಸ್ ಡ್ರೈವರ್ ಇದೆ, ಕೆಲವಕ್ಕೆ ಇಲ್ಲ. ಕೊಳ್ಳುವ ಮುನ್ನವೇ ವಿಚಾರಿಸಬೇಕು. ಟೆಂಡರಿನ ಕೊನೆಯ ದಿನ ಇದನ್ನು ಪರೀಕ್ಷಿಸಬಾರದು.

ಲಿನಕ್ಸ್ ಕೈಮೇಲಾದ ಕೆಲಸವೂ ಒಂದಿದೆ, ಮತ್ತು ಅದು ನನಗೆ ಬಹಳ ಮೆಚ್ಚಿಕೆಯಾದದ್ದು. ಅಚ್ಚಾದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಲು ಟೆಸ್ಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶವಿದೆ. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಆರಂಭವಾಗಿ 2005ರಲ್ಲಿ ಮುಕ್ತ ತಂತ್ರಾಂಶವಾದ ಇದಕ್ಕೆ ಕನ್ನಡದ ದತ್ತಾಂಶವೂ ಸಿಗುತ್ತದೆ. ಉಬುಂಟುವಿನಲ್ಲಿ ಒಂದೇ ಆದೇಶದಿಂದ ಟೆಸ್ಸೆರಾಕ್ಟ್, ಅದರ ಕನ್ನಡ ದತ್ತಾಂಶ, ಪಿಡಿಎಫ್‌ಗಳನ್ನು ಒಟ್ಟಾಗಿ ಓದಿಸುವ ಓಸಿಆರ್‌ಮೈಪಿಡಿಎಫ್ ಮೂರೂ ಬಂದು ಕೂರುತ್ತವೆ. ವಿಂಡೋಸ್‌ನಲ್ಲಿಯೂ ಇವನ್ನು ಹಾಕಬಹುದು, ಆದರೆ ಪ್ರತಿಯೊಂದನ್ನೂ ಬೇರೆಬೇರೆ ಕಡೆಯಿಂದ ತಂದು ಒಂದಕ್ಕೊಂದು ಹೊಂದಿಸುವ ಶ್ರಮ ಎಲ್ಲರಿಗೂ ಒಗ್ಗುವಂಥದ್ದಲ್ಲ. ರಾತ್ರಿ ಒಂದು ಕಂತೆ ಪುಟಗಳನ್ನು ಹಚ್ಚಿಟ್ಟರೆ ಬೆಳಿಗ್ಗೆಗೆ ಪಠ್ಯ ಸಿದ್ಧವಿರುತ್ತದೆ. ದಕಾರ ಧಕಾರಗಳು ಅದಲುಬದಲಾಗುತ್ತವೆ, ಶಾಯಿ ಹರಡಿದ ಕಡೆ ಒತ್ತಕ್ಷರ ಕಾಣೆಯಾಗುತ್ತದೆ. ಆದರೂ ಮೊದಲಿನಿಂದ ಟೈಪು ಮಾಡುವುದಕ್ಕಿಂತ ತಿದ್ದುವುದು ಎಷ್ಟೋ ಬೇಗ ಮುಗಿಯುತ್ತದೆ.

ಇಷ್ಟನ್ನೂ ನೋಡಿದ ಮೇಲೆ, ಯಾವ ತಂತ್ರಾಂಶ ಎಲ್ಲಿಲ್ಲ ಎಂಬ ಪಟ್ಟಿಗಿಂತ, ಮಾಡಿದ ಫೈಲು ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನೋಡಿ ಯಂತ್ರವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮುದ್ರಿತ ಕಾಗದವಾಗಿ ಇಲ್ಲವೇ ಪಿಡಿಎಫ್ ಆಗಿ ಹೊರಗೆ ಹೋಗುವುದೆಲ್ಲವೂ ಈಗ ನಮ್ಮಲ್ಲಿ ಉಬುಂಟುವಿನ ಪಾಲು: ಅರ್ಜಿ, ಕರಾರು, ಪುಸ್ತಕ, ಚೆಕ್‌ರೋಲ್. ಆಡಿಟರಿಗೆ, ಪ್ರೆಸ್ಸಿಗೆ, ಕಚೇರಿಗೆ ಫೈಲಾಗಿಯೇ ಹೋಗಬೇಕಾದದ್ದು ವಿಂಡೋಸ್‌ನ ಪಾಲು. ಒಂದೇ ಕಂಪ್ಯೂಟರ್ ಇರುವವರು, ಟ್ಯಾಲಿ ಮತ್ತು ಕೋರೆಲ್ ಎರಡರಲ್ಲಿ ಒಂದರಿಂದ ದಿನದ ಗಳಿಕೆ ಬರುತ್ತಿದ್ದರೆ ವಿಂಡೋಸ್ ಬಿಡಬಾರದು. ಬರೀ ಟೈಪಿಂಗ್ ಮತ್ತು ಪುಸ್ತಕದ ಕೆಲಸದವರು ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ ಲಿನಕ್ಸ್ ಹಾಕಿ ನೋಡಲೇಬೇಕು. ಎರಡಕ್ಕೂ ಮುಂಚೆ ಮಾಡಬೇಕಾದದ್ದು, ವಿಂಡೋಸ್ ಯಂತ್ರ ಕೈಯಲ್ಲಿರುವಾಗಲೇ ಆಸ್ಕಿ ಫೈಲುಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು. ಸರ್ವೆ ನಂಬರ್, ಚೆಕ್ಕುಬಂದಿ, ಹೆಸರಿನ ಇನಿಷಿಯಲ್ ಇರುವ ಸಾಲುಗಳನ್ನು ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡಬೇಕು, ಏಕೆಂದರೆ ಕನ್ನಡದ ನಡುವೆ ಇಂಗ್ಲಿಷ್ ಅಕ್ಷರ ಬಂದ ಕಡೆ ಅದನ್ನೂ ಆಸ್ಕಿಯೆಂದೇ ತಿಳಿದು ಪರಿವರ್ತಕ ಕನ್ನಡವಾಗಿಸಿಬಿಡುತ್ತದೆ.